ಅಡ್ವಾನ್ಸ್ ವಾಪಸ್ ಬಂತಾ?

ಬಾಡಿಗೆಗೆ ಮನೆ ನೋಡಲು ಹೋದಾಗ ಹಳೆಯ ಬಾಡಿಗೆದಾರರು ಇನ್ನೂ ಖಾಲಿ ಮಾಡಿರದಿದ್ದರೆ ಅದನ್ನು ಅನುಕೂಲವೆಂದೇ ತಿಳಿಯಬೇಕು. ಹಾಲ್‌ನಲ್ಲಿ ಅರ್ಧ ಕಟ್ಟಿಟ್ಟ ರಟ್ಟಿನ ಡಬ್ಬಗಳು, ಒಲೆಯ ಮೇಲೆ ಕುದಿಯುತ್ತಿರುವ ಸಾರು, ಬಾಗಿಲ ಮರೆಯಿಂದ ಹೊಸಬರನ್ನು ನೋಡುತ್ತಿರುವ ಮಗು. ನಮಗೋ ಸಂಕೋಚ. ಬೇಗ ಬೇಗ ಕೋಣೆಗಳನ್ನು ಇಣುಕಿ, ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡಿ, 'ಆಯ್ತು, ಹೇಳ್ತೀವಿ' ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತೇವೆ. ಆದರೆ ಆ ಮನೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಮಾಲೀಕರ ಬಗ್ಗೆ, ತಿಳಿಯಬೇಕಾದ್ದೆಲ್ಲ ಗೊತ್ತಿರುವುದು ಡಬ್ಬ ಕಟ್ಟುತ್ತಿರುವ ಆ ಮನೆಮಂದಿಗೆ. ಅವರನ್ನು ಬೇರೇನೂ ಕೇಳದಿದ್ದರೂ ಇದೊಂದನ್ನು ಕೇಳಿಯೇ ಬರಬೇಕು: 'ನಿಮ್ಮ ಅಡ್ವಾನ್ಸ್ ವಾಪಸ್ ಬಂತಾ?'

'ಕೀ ಕೊಟ್ಟ ದಿನವೇ ಟ್ರಾನ್ಸ್‌ಫರ್ ಮಾಡ್ತೀನಿ ಅಂದಿದ್ದಾರೆ, ಮೇಲಿನ ಮನೆಯವರಿಗೂ ಹಾಗೇ ಮಾಡಿದ್ರು' ಎಂಬ ಉತ್ತರ ಬಂದರೆ ಅರ್ಧ ಚಿಂತೆ ಕಳೆಯಿತು. 'ನೀವು ಅಡ್ವಾನ್ಸ್ ಕೊಟ್ಟಮೇಲೆ ನಮಗೆ ಕೊಡ್ತಾರಂತೆ' ಎಂದರೆ ಅಲ್ಲೇ ನಿಂತು ಯೋಚಿಸಬೇಕು. ಅವರ ಹಣ ಮಾಲೀಕರ ಹತ್ತಿರ ಇಲ್ಲ, ಖರ್ಚಾಗಿ ಹೋಗಿದೆ. ನೀವು ಕೊಡುವುದು ನೇರ ಇವರ ಕೈಗೆ ದಾಟುತ್ತದೆ. ನೀವು ಬಿಡುವ ದಿನ ಇನ್ನೊಬ್ಬರು ಬಂದು ಕೊಟ್ಟರೆ ಮಾತ್ರ ನಿಮ್ಮದು ನಿಮಗೆ. ಮನೆಗಳಿಗೆ ಬೇಡಿಕೆ ಇರುವಷ್ಟು ದಿನ ಈ ಸರಪಳಿ ಹೇಗೋ ನಡೆಯುತ್ತದೆ. 2020ರಲ್ಲಿ ಕೋವಿಡ್ ಬಂದು ಐಟಿ ನೌಕರರು ಊರಿನ ದಾರಿ ಹಿಡಿದಾಗ ಬೆಂಗಳೂರಿನಲ್ಲಿ ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡುಗಳು ನೇತಾಡಿದವು. ಹೊಸಬರು ಬರಲಿಲ್ಲ, ಹಳಬರ ಹಣ ಹೊರಡಲಿಲ್ಲ. 'ಯಾರಾದರೂ ಬರಲಿ, ಕೊಡ್ತೀನಿ' ಎಂಬ ಮಾತು ಕೇಳಿಕೊಂಡು ತಿಂಗಳುಗಟ್ಟಲೆ ಫೋನ್ ಮಾಡಿದವರು ನಿಮ್ಮ ಪರಿಚಯದಲ್ಲೂ ಇರಬಹುದು.

ಮಾಲೀಕರು ಪಕ್ಕದಲ್ಲೇ ನಿಂತಿದ್ದರೆ ಈ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಹಣ ಸಿಕ್ಕಿಕೊಂಡಿರುವವರು 'ಎಲ್ಲಾ ಚೆನ್ನಾಗಿದೆ ಸಾರ್, ನೀರಿಗೇನೂ ತೊಂದರೆ ಇಲ್ಲ' ಎನ್ನದೆ ಇನ್ನೇನು ಹೇಳಿಯಾರು? ನೀವು ಒಪ್ಪಿದರೆ ತಾನೆ ಅವರ ಹಣ ಬಿಡುಗಡೆ. ಅವರನ್ನು ದೂರುವಂತಿಲ್ಲ. ಸಂಜೆ ಇನ್ನೊಮ್ಮೆ ಒಬ್ಬರೇ ಹೋಗಿ, ಅಥವಾ ನಂಬರ್ ಇಸಿದುಕೊಂಡು ರಾತ್ರಿ ಫೋನ್ ಮಾಡಿ. ಮನೆ ಆಗಲೇ ಖಾಲಿಯಿದ್ದರೆ ಬೀದಿ ತುದಿಯ ಇಸ್ತ್ರಿ ಅಂಗಡಿಯವರನ್ನೋ ಹಾಲಿನ ಬೂತಿನವರನ್ನೋ ಮಾತಾಡಿಸಿ. ಆ ಮನೆಗೆ ಎಷ್ಟು ಸಲ ಸಾಮಾನಿನ ಟೆಂಪೊ ಬಂದು ಹೋಗಿದೆ ಎಂಬುದು ಅವರ ಕಣ್ಣಿಗೆ ಬಿದ್ದೇ ಇರುತ್ತದೆ. ಪ್ರತಿ ವರ್ಷ ಬಾಡಿಗೆದಾರರು ಬದಲಾಗುವ ಮನೆಗೆ ಏನೋ ಕಾರಣ ಇದ್ದೇ ಇದೆ.

ಇಡೀ ವ್ಯವಹಾರದಲ್ಲಿ ಅಡ್ವಾನ್ಸ್ ಒಂದಕ್ಕೇ ಇಷ್ಟು ಒತ್ತು ಯಾಕೆಂದರೆ, ಬೆಂಗಳೂರಿನ ಬಾಡಿಗೆ ಸಂಬಂಧದಲ್ಲಿ ಅಧಿಕಾರ ಕೂತಿರುವುದೇ ಅಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಇಲ್ಲಿ ಬಹಳ ಕಾಲದಿಂದ ಇದೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಹೆಚ್ಚಾಗಿದ್ದಾರೆ, ಆದರೂ ಹಳೆಯ ಲೆಕ್ಕ ಬಿಡದವರು ಕಡಿಮೆಯೇನಿಲ್ಲ. 25 ಸಾವಿರ ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ ಎರಡೂವರೆ ಲಕ್ಷ. ಶೇ 6ರ ಬಡ್ಡಿ ಹಿಡಿದರೂ ವರ್ಷಕ್ಕೆ 15 ಸಾವಿರ ರೂಪಾಯಿ ನಿಮ್ಮ ಕೈತಪ್ಪಿತು. ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಇನ್ನೊಂದು 25 ಸಾವಿರ. ಬಡ್ಡಿಯ ಮಾತು ಹಾಗಿರಲಿ, ಅಷ್ಟು ಹಣ ಒಬ್ಬರ ಕೈಯಲ್ಲಿದ್ದಾಗ ನಲ್ಲಿ ಸೋರಿದರೂ ಗೋಡೆ ಒದ್ದೆಯಾದರೂ ಜೋರಾಗಿ ಕೇಳಲು ಬಾಡಿಗೆದಾರರಿಗೆ ಧೈರ್ಯ ಸಾಲುವುದಿಲ್ಲ. ಆ ಹಣವನ್ನು ಮಾಲೀಕರು ತಮ್ಮ ಹತ್ತಿರ ಇಟ್ಟುಕೊಂಡಿರುವ ನಿಮ್ಮ ಹಣ ಎಂದು ಭಾವಿಸುತ್ತಾರೋ, ಬಂದ ಆದಾಯವೆಂದು ಭಾವಿಸುತ್ತಾರೋ? ಮನೆ ಹಿಡಿಯುವ ಮೊದಲು ಪತ್ತೆ ಮಾಡಬೇಕಾದ್ದು ಇದನ್ನೇ. ಮುಂದೆ ಹೇಳುವ ಲಕ್ಷಣಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದಕ್ಕೇ ಬಂದು ಸೇರುತ್ತವೆ.

ಕಾನೂನು ನೋಡಿಕೊಳ್ಳುತ್ತದೆ ಎಂದು ಸುಮ್ಮನಿರುವಂತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಇವತ್ತು ಬೆಂಗಳೂರಿನಲ್ಲಿ ಒಂದು ಕೋಣೆಯೂ ಸಿಗುವುದು ಕಷ್ಟ. ಹಾಗಾಗಿ ನಮ್ಮ ನಿಮ್ಮ ಮನೆಗಳಿಗೆ ಅನ್ವಯವಾಗುವುದು ಬ್ರಿಟಿಷರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರಲ್ಲಿ ಅಡ್ವಾನ್ಸ್‌ಗೆ ಮಿತಿಯಿಲ್ಲ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಸದ್ಯಕ್ಕೆ ಬಾಡಿಗೆದಾರರ ರಕ್ಷಣೆಗೆ ಇರುವುದು ಅವರು ಸಹಿ ಹಾಕುವ ಕಾಗದ ಮತ್ತು ಸಹಿ ಹಾಕುವ ಮೊದಲಿನ ಎಚ್ಚರ.

ಮೊದಲ ಎಚ್ಚರ, ಎದುರಿಗೆ ನಿಂತಿರುವವರು ನಿಜವಾಗಿ ಮಾಲೀಕರೇ ಎಂಬುದು. ಕೇಳಲು ಮುಜುಗರ, ನಿಜ. ವಯಸ್ಸಾದವರು, ಹಣೆಯ ಮೇಲೆ ವಿಭೂತಿ, ಕಾಫಿ ಕೊಟ್ಟು ಮಾತಾಡಿಸಿದ್ದಾರೆ. ಅವರನ್ನು ದಾಖಲೆ ಕೇಳುವುದು ಹೇಗೆ? ಕೇಳುವ ದಾರಿ ಸುಲಭವಾಗಿದೆ. 'ಅಂಕಲ್, ಆಫೀಸಿನಲ್ಲಿ ಎಚ್‌ಆರ್‌ಎಗೆ ಅಗ್ರಿಮೆಂಟೂ ನಿಮ್ಮ ಪ್ಯಾನ್ ನಂಬರೂ ಕೇಳ್ತಾರೆ. ಹಾಗೇ ಕರೆಂಟ್ ಬಿಲ್ಲೂ ಕಂದಾಯದ ರಸೀದಿಯೂ ಒಂದೊಂದು ಕಾಪಿ ಕೊಟ್ಟುಬಿಡಿ' ಎಂದರೆ ಸಾಕು. ಇದರಲ್ಲಿ ಸುಳ್ಳೇನಿಲ್ಲ. ವರ್ಷಕ್ಕೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಬಾಡಿಗೆ ಕೊಟ್ಟು ಎಚ್‌ಆರ್‌ಎ ವಿನಾಯಿತಿ ಕೇಳುವವರು ಮಾಲೀಕರ ಪ್ಯಾನ್ ಕೊಡಲೇಬೇಕು. ಕಂದಾಯದ ರಸೀದಿಯ ಹೆಸರು, ಬೆಸ್ಕಾಂ ಬಿಲ್ಲಿನ ಹೆಸರು, ಅಗ್ರಿಮೆಂಟಿನಲ್ಲಿ ಬರೆಯುವ ಹೆಸರು ಮೂರೂ ಒಂದೇ ಆಗಿದ್ದರೆ ನಿಶ್ಚಿಂತೆ. ಬೇರೆಯಾಗಿದ್ದರೆ ಕಾರಣ ಕೇಳಿ. ತೀರಿಹೋದ ತಂದೆಯ ಹೆಸರಿನಲ್ಲಿ ಬಿಲ್ ಬರುತ್ತಿರುವುದು ಸಾಮಾನ್ಯ. ಆದರೆ ಅಣ್ಣತಮ್ಮಂದಿರ ನಡುವೆ ಪಾಲಾಗಿಲ್ಲದ ಮನೆಯಾದರೆ, ಒಬ್ಬರಿಗೆ ಕೊಟ್ಟ ಅಡ್ವಾನ್ಸನ್ನು ಇನ್ನೊಬ್ಬರು ಒಪ್ಪದೆ ಜಗಳ ನಿಮ್ಮ ಹೊಸ್ತಿಲಿಗೆ ಬರುತ್ತದೆ.

'ಪೂರ್ತಿ ಕ್ಯಾಶ್ ಕೊಡಿ, ಅಕೌಂಟಿಗೆ ಬೇಡ' ಎನ್ನುವವರ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಬಾಡಿಗೆಯ ಆದಾಯವನ್ನು ತೆರಿಗೆಯಿಂದ ಮುಚ್ಚಿಡುವುದು ಅವರ ಉದ್ದೇಶವಿರಬಹುದು, ಅದು ಅವರ ಪಾಡು. ಆದರೆ ಲಕ್ಷಗಟ್ಟಲೆ ಹಣ ಕೈಬದಲಾದದ್ದಕ್ಕೆ ಗುರುತೇ ಇಲ್ಲದಿರಲು ನೀವೇ ಒಪ್ಪಿದಂತಾಗುತ್ತದೆ. 'ಅಗ್ರಿಮೆಂಟಿನಲ್ಲಿ ಐವತ್ತು ಸಾವಿರ ಅಂತ ಬರೆಸೋಣ, ಮಿಕ್ಕಿದ್ದು ಬಾಯಿಮಾತಿನ ಮೇಲೆ' ಎಂಬುದು ಇದರದೇ ಇನ್ನೊಂದು ರೂಪ. ಬಾಯಿಮಾತಿನ ಮೇಲೆ ನಿಂತ ಎರಡು ಲಕ್ಷವನ್ನು ಯಾವ ನ್ಯಾಯಾಲಯದಲ್ಲಿ ಸಾಬೀತು ಮಾಡುತ್ತೀರಿ? ಇಂಥ ಮಾತು ಬಂದ ಮನೆಗೆ ಎಷ್ಟೇ ಗಾಳಿ ಬೆಳಕಿದ್ದರೂ ಕೈಮುಗಿದು ಬರುವುದು ಒಳ್ಳೆಯದು.

ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಇಲ್ಲಿ ಅವರ ಅಪ್ಪನೋ ಭಾವಮೈದುನನೋ ಬಾಡಿಗೆ ವಸೂಲಿ ಮಾಡುವ ಮನೆಗಳು ಈಗ ಊರು ತುಂಬ ಇವೆ. ಹೊರದೇಶದಲ್ಲಿರುವ ಕನ್ನಡಿಗರು ಊರಿನಲ್ಲೊಂದು ಫ್ಲ್ಯಾಟ್ ಮಾಡಿಟ್ಟಿರುತ್ತಾರೆ. ಇಂಥ ಮನೆ ಹಿಡಿಯುವಾಗ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆಯಲ್ಲಿ ಶೇ 30ರಷ್ಟು, ಅದರ ಮೇಲೆ ಸೆಸ್, ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದು. ಬಾಡಿಗೆ ಎಷ್ಟೇ ಕಡಿಮೆ ಇರಲಿ. ಇಲ್ಲಿಯೇ ವಾಸವಾಗಿರುವ ಮಾಲೀಕರಾದರೆ ತಿಂಗಳಿಗೆ 50 ಸಾವಿರ ದಾಟಿದಾಗ ಮಾತ್ರ ಮುರಿಯಬೇಕು. 2024ರ ಅಕ್ಟೋಬರ್‌ನಿಂದ ಅದು ಶೇ 2. 'ಮಗ ಅಲ್ಲಿದ್ದಾನೆ, ಅದೆಲ್ಲ ತಲೆಕೆಡಿಸ್ಕೋಬೇಡಿ, ನನ್ನ ಅಕೌಂಟಿಗೆ ಹಾಕಿ' ಎಂದು ಹಿರಿಯರು ಪ್ರೀತಿಯಿಂದಲೇ ಹೇಳಬಹುದು. ಆದರೆ ನೋಟಿಸ್ ಬರುವುದು ನಿಮಗೆ. ಆ ಹಿರಿಯರ ಹತ್ತಿರ ಮಗ ಕೊಟ್ಟ ಅಧಿಕಾರ ಪತ್ರ ಇದೆಯೇ, ಕರಾರಿಗೆ ಸಹಿ ಹಾಕುವವರು ಯಾರು ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಆನ್‌ಲೈನಿನಲ್ಲಿ ಮನೆ ಹುಡುಕುವವರಿಗೆ ಇನ್ನೊಂದು ಬಗೆಯ 'ಮಾಲೀಕರು' ಸಿಗುತ್ತಾರೆ. ಫೋಟೊ ಸೊಗಸಾಗಿರುತ್ತದೆ, ಬಾಡಿಗೆ ಆ ಏರಿಯಾಕ್ಕೆ ಆಶ್ಚರ್ಯವಾಗುವಷ್ಟು ಕಡಿಮೆ. ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮನೆ ತೋರಿಸಲು ಗೇಟಿನಲ್ಲಿ ಪಾಸ್ ಮಾಡಿಸಬೇಕು, ಮೊದಲು ಸ್ವಲ್ಪ ಟೋಕನ್ ಹಾಕಿ ಎನ್ನುತ್ತಾರೆ. ಗುರುತಿನ ಚೀಟಿಯ ಫೋಟೊವನ್ನೂ ಕಳಿಸುತ್ತಾರೆ. ಮನೆಯೊಳಗೆ ಕಾಲಿಡುವ ಮೊದಲು ಒಂದು ರೂಪಾಯಿಯನ್ನೂ ಕಳಿಸಬಾರದು, 'ನಿಮಗೆ ಹಣ ಬರಲು' ಎಂದು ಹೇಳಿ ಕಳಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಲೇಬಾರದು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಭೋಗ್ಯದ ವಿಷಯ ಹಾಗಲ್ಲ, ಅದನ್ನು ಬಿಡಿಸಿ ಹೇಳಬೇಕು. ತಿಂಗಳ ಬಾಡಿಗೆಯ ಕಾಟವೇ ಬೇಡ, ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ವಾಪಸ್ ಪಡೆಯುವ ಈ 'ಲೀಸ್' ಪದ್ಧತಿ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಬಹಳ ಪ್ರಿಯ. ಊರಿನ ಜಮೀನು ಮಾರಿ ಬಂದ ಹಣ, ಅಪ್ಪನ ನಿವೃತ್ತಿಯ ಹಣ, ಹೆಂಡತಿಯ ಒಡವೆ ಅಡವಿಟ್ಟ ಹಣ ಇಲ್ಲಿ ಬಂದು ಬೀಳುತ್ತದೆ. ಆದ್ದರಿಂದಲೇ ಇಲ್ಲಿ ಮೋಸವಾದರೆ ಒಂದು ಕುಟುಂಬ ಮತ್ತೆ ಎದ್ದು ನಿಲ್ಲಲು ವರ್ಷಗಳೇ ಬೇಕು.

ಮೋಸ ಹೀಗೆ ನಡೆಯುತ್ತದೆ. ಮಾಲೀಕರು ಬ್ಯಾಂಕ್ ಸಾಲ ತೆಗೆದು ನಾಲ್ಕು ಮಹಡಿ ಎಬ್ಬಿಸಿರುತ್ತಾರೆ. ಕಂತು ಕಟ್ಟಲಾಗದೆ ಒಂದೊಂದು ಮಹಡಿಯನ್ನೂ ಲೀಸ್‌ಗೆ ಕೊಟ್ಟು ಹಣ ಎತ್ತುತ್ತಾರೆ. ಆ ಹಣವೂ ಸಾಲದಾಗುತ್ತದೆ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡಮಾನದ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಸಾಲಗಾರರಿಗೆ 60 ದಿನದ ನೋಟಿಸ್ ಹೋಗುತ್ತದೆ, ನಿಮಗಲ್ಲ. ನಿಮಗೆ ಗೊತ್ತಾಗುವುದು ಒಂದು ಬೆಳಿಗ್ಗೆ ಹಾಲು ತರಲು ಹೋದಾಗ. ಗೇಟಿಗೆ ಗೋಂದು ಹಚ್ಚಿ ಅಂಟಿಸಿದ ಬ್ಯಾಂಕಿನ ಕಾಗದ, ಅದರಲ್ಲಿ ಮಾಲೀಕರ ಹೆಸರು, ಬಾಕಿ ಮೊತ್ತ, ಚಕ್ಕುಬಂದಿಯ ವಿವರ. ಪೂರ್ವಕ್ಕೆ ಯಾರ ಸೈಟು, ಪಶ್ಚಿಮಕ್ಕೆ ಯಾವ ರಸ್ತೆ ಎಲ್ಲವೂ ಇರುತ್ತದೆ. ನೀವು ಹದಿನೈದು ಲಕ್ಷ ಕೊಟ್ಟು ಒಳಗೆ ವಾಸವಾಗಿದ್ದೀರಿ ಎಂಬುದೊಂದು ಇರುವುದಿಲ್ಲ. ನಿಮ್ಮ ಲೀಸ್ ಕರಾರು ನೋಂದಣಿಯಾಗಿರದಿದ್ದರೆ ಬ್ಯಾಂಕಿನ ಮುಂದೆ ಅದಕ್ಕೆ ಬೆಲೆ ಸಿಗುವುದು ಬಹಳ ಕಷ್ಟ.

ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು ಎಂಬುದು ಕಾನೂನು. ಮೂರು ವರ್ಷದ ಲೀಸನ್ನು 11 ತಿಂಗಳ ಬಾಡಿಗೆ ಕರಾರೆಂದು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುದ್ರೆ ಹಾಕಿಸುವುದು ರೂಢಿ. 'ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾಕೆ ಅಲೆಯೋದು, ಸುಮ್ನೆ ಖರ್ಚು' ಎಂದು ಮಾಲೀಕರೂ ಬ್ರೋಕರೂ ಒಟ್ಟಿಗೆ ಹೇಳುತ್ತಾರೆ. ಹತ್ತು ಲಕ್ಷ ಕೊಡುವವರು ಆ ಖರ್ಚಿಗೆ ಹಿಂದೆ ಮುಂದೆ ನೋಡಬಾರದು. ನೋಂದಣಿಗೆ ಮಾಲೀಕರು ಒಪ್ಪದಿದ್ದರೆ ಸಾಲ ಇದೆ ಎಂದೇ ಇಟ್ಟುಕೊಳ್ಳಿ. ಕಾವೇರಿ ಆನ್‌ಲೈನ್ ತಾಣದಲ್ಲಿ ಆ ಸ್ವತ್ತಿನ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಬಹುದು. ಆದರೆ ಇ.ಸಿ.ಯಲ್ಲಿ ಏನೂ ಕಾಣದಿದ್ದರೂ ನಿರಾಳವಾಗುವಂತಿಲ್ಲ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಎಲ್ಲ ಸಲವೂ ಅದರಲ್ಲಿ ದಾಖಲಾಗಿರುವುದಿಲ್ಲ. ಅದಕ್ಕೇ ಕ್ರಯಪತ್ರದ ಮೂಲ ಪ್ರತಿಯನ್ನು ಕಣ್ಣಾರೆ ನೋಡಲು ಕೇಳಬೇಕು. ಜೆರಾಕ್ಸ್ ಮಾತ್ರ ಇದೆ, ಒರಿಜಿನಲ್ 'ಊರಲ್ಲಿದೆ' ಎಂದರೆ ಅದು ಬ್ಯಾಂಕಿನ ಲಾಕರಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಬ್ಯಾಂಕುಗಳು ಅಡಮಾನದ ವಿವರ ದಾಖಲಿಸುವ ಸರ್ಸಾಯ್ ಎಂಬ ಕೇಂದ್ರ ನೋಂದಣಿ ಇದೆ, ಸಣ್ಣ ಶುಲ್ಕ ಕಟ್ಟಿ ಸಾರ್ವಜನಿಕರೂ ಅದರಲ್ಲಿ ಹುಡುಕಬಹುದು. ಲೀಸ್‌ಗೆ ಹೋಗುವವರು ಇದನ್ನು ಮಾಡದೆ ಹಣ ಕೊಡಬಾರದು.

ಇನ್ನೊಂದು ಮೋಸದಲ್ಲಿ ಮಾಲೀಕರೂ ಮೋಸ ಹೋಗುತ್ತಾರೆ. ಮಧ್ಯವರ್ತಿ ಸಂಸ್ಥೆಯೊಂದು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿಯುತ್ತದೆ. ಅದೇ ಮನೆಯನ್ನು ನಿಮಗೆ ಹದಿನೈದು ಲಕ್ಷಕ್ಕೆ ಲೀಸ್ ಕೊಡುತ್ತದೆ. ನಿಮ್ಮ ಹಣದಿಂದಲೇ ಮಾಲೀಕರಿಗೆ ಕೆಲವು ತಿಂಗಳು ಬಾಡಿಗೆ ಕಟ್ಟಿ ಒಂದು ದಿನ ಆಫೀಸಿಗೆ ಬೀಗ ಹಾಕುತ್ತದೆ. ಮಾಲೀಕರು ಬಾಗಿಲು ಬಡಿದು 'ಬಾಡಿಗೆ ಎಲ್ಲಿ?' ಎನ್ನುತ್ತಾರೆ, ನೀವು 'ಲೀಸ್‌ಗೆ ಅಲ್ವಾ ಇರೋದು?' ಎನ್ನುತ್ತೀರಿ. ಇಂಥ ದೂರುಗಳು ಬೆಂಗಳೂರಿನ ಠಾಣೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಮಾಲೀಕರನ್ನು ಮುಖತಃ ಕಾಣಲು ಬಿಡದ, 'ಎಲ್ಲಾ ನಮ್ಮ ಜೊತೆಗೇ ಮಾತಾಡಿ' ಎನ್ನುವ ಯಾರಿಂದಲೂ ಮನೆ ಹಿಡಿಯಬೇಡಿ.

ಮನೆಯೂ ಮಾಲೀಕರ ಗುಣ ಹೇಳುತ್ತದೆ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಐದು ಮನೆಗಳಿಗೆ ಬೆಸ್ಕಾಂನ ಐದು ಮೀಟರ್ ಇವೆಯೇ, ಒಂದೇ ಮೀಟರಿನ ಕೆಳಗೆ ಅಂಗಡಿಯಿಂದ ತಂದ ನಾಲ್ಕು ಸಬ್ ಮೀಟರ್ ಜೋಡಿಸಿದ್ದಾರೆಯೇ? ಬೆಸ್ಕಾಂನ ಮನೆಬಳಕೆ ದರ ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಇರುವಾಗ ಸಬ್ ಮೀಟರಿಗೆ ಹತ್ತು ರೂಪಾಯಿಯಂತೆ ವಸೂಲಿ ಮಾಡುವವರಿದ್ದಾರೆ. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದಕ್ಕೆ ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ ಬೇಕು. 'ಆರ್‌ಆರ್ ನಂಬರ್ ಯಾಕೆ ನಿಮಗೆ?' ಎಂದು ಮಾಲೀಕರು ಸಿಡುಕಿದರೆ ಕಾರಣ ಹುಡುಕಬೇಕು. ಕಟ್ಟಡ ತೀರ ಹೊಸದಾಗಿದ್ದರೆ ಇನ್ನೊಂದು ಮಾತು ಕೇಳಿ: ಕರೆಂಟ್ ಪರ್ಮನೆಂಟಾ, ಟೆಂಪರರಿಯಾ? ಸ್ವಾಧೀನ ಪತ್ರ ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಅನೇಕ ಹೊಸ ಕಟ್ಟಡಗಳು ತಾತ್ಕಾಲಿಕ ಸಂಪರ್ಕದಲ್ಲೇ ಉಳಿದವು. ಅದರ ದರ ಹೆಚ್ಚು, ಹೊರೆ ಬಾಡಿಗೆದಾರರ ಮೇಲೆ.

ನೀರಿನ ವಿಷಯದಲ್ಲಿ ಬಾಯಿಮಾತು ನಂಬಬೇಡಿ, ಜಲಮಂಡಳಿಯ ಬಿಲ್ ನೋಡಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗೆಂದು ಶುರುವಾದ ಮೇಲೆ ಹೊರವಲಯದ ಮಾಲೀಕರೆಲ್ಲ 'ಕಾವೇರಿ ಇದೆ' ಎನ್ನುತ್ತಿದ್ದಾರೆ. ಬೀದಿಗೆ ಪೈಪ್ ಬಂದಿರುವುದು ಬೇರೆ, ಮನೆಗೆ ಸಂಪರ್ಕ ಪಡೆದಿರುವುದು ಬೇರೆ. ನೀರಿಗೆ ತತ್ವಾರವಾಗಿದ್ದ 2024ರ ಬೇಸಿಗೆಯಲ್ಲಿ ಈ ಮನೆಗೆ ಟ್ಯಾಂಕರ್ ಬಂದಿತ್ತೇ, ದುಡ್ಡು ಯಾರು ಕೊಟ್ಟರು ಎಂದು ಅಕ್ಕಪಕ್ಕದಲ್ಲಿ ಕೇಳಿ. ಗೋಡೆಯ ವಿಷಯಕ್ಕೆ ಬಂದರೆ, ಇಡೀ ಕೋಣೆ ಹಳೆಯ ಬಣ್ಣದಲ್ಲಿದ್ದು ಬಾತ್‌ರೂಮಿನ ಹಿಂಬದಿಯ ಗೋಡೆ ಮಾತ್ರ ಮೊಳಕಾಲೆತ್ತರದವರೆಗೆ ಹೊಸ ಬಣ್ಣ ಕಂಡಿದ್ದರೆ ಅಂಗೈಯಿಟ್ಟು ನೋಡಿ. ತಣ್ಣಗಿದ್ದರೆ ಒಳಗೆ ತೇವ ಕೂತಿದೆ. ಸೋರುವ ಮನೆ ಅಪರಾಧವಲ್ಲ. ಸೋರಿಕೆಯನ್ನು ಸರಿಮಾಡುವ ಬದಲು ಬಣ್ಣ ಬಳಿದು ತೋರಿಸಿದವರು ನಾಳೆ ನೀವು ದೂರು ಹೇಳಿದಾಗ ಏನು ಮಾಡುತ್ತಾರೆ ಎಂಬುದು ಪ್ರಶ್ನೆ. ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಕಾಯ್ದೆಯ 108ನೇ ಕಲಂ ಅವಕಾಶ ಕೊಟ್ಟಿದೆ. ಆದರೆ ಯಾವ ರಿಪೇರಿ ಯಾರದು ಎಂದು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದರಿಂದ ನಿಜವಾದ ಪ್ರಯೋಜನ.

ಮಾಲೀಕರು ಕೇಳುವ ಪ್ರಶ್ನೆಗಳ ಕಡೆಗೂ ಕಿವಿಯಿರಲಿ. ಎಲ್ಲಿ ಕೆಲಸ, ಎಷ್ಟು ಜನ ಇರುತ್ತೀರಿ, ಗಾಡಿ ಎಷ್ಟು ಎಂಬುದೆಲ್ಲ ಅವರು ಕೇಳಲೇಬೇಕಾದ್ದು. 'ನಿಮ್ದು ಯಾವ ಜನ?' ಎಂಬ ಪ್ರಶ್ನೆ ಬರುತ್ತದಲ್ಲ, ಅದು ಬೇರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲೇ ಆಗಲಿ, ದಲಿತ ಮತ್ತು ಮುಸ್ಲಿಂ ಕುಟುಂಬಗಳಿಗೆ ಮನೆ ಹುಡುಕಾಟ ಮುಗಿಯುವುದೇ ಈ ಪ್ರಶ್ನೆಯಲ್ಲಿ. ಫೋನಿನಲ್ಲಿ ಖಾಲಿಯಿದ್ದ ಮನೆ ಹೆಸರು ಹೇಳಿದ ಮೇಲೆ 'ಈಗಷ್ಟೇ ಕೊಟ್ಬಿಟ್ವಿ' ಆಗುತ್ತದೆ. ಇದನ್ನು ಎಚ್ಚರಿಕೆಯ ಲಕ್ಷಣವೆಂದು ಹೇಳುವುದು ಅವರ ಪಾಲಿಗೆ ಅಲ್ಪವಾದ ಮಾತು, ಅವರಿಗೆ ಅದು ಅವಮಾನ. ನಾನು ಹೇಳಬೇಕೆಂದಿರುವುದು ಆ ಪ್ರಶ್ನೆಗೆ ಮಾಲೀಕರಿಗೆ ಬೇಕಾದ ಉತ್ತರ ಇರುವವರಿಗೆ. ನಿಮಗೆ ಮನೆ ಸಿಗಬಹುದು, ಆದರೂ ಒಪ್ಪಬೇಡಿ. ಬೇರೆಯವರ ಜಾತಿ ನೋಡಿ ಬಾಗಿಲು ಹಾಕುವವರು ನಾಳೆ ನಿಮ್ಮ ಅಡುಗೆಮನೆಯ ವಾಸನೆ, ನಿಮ್ಮ ಮನೆಗೆ ಬರುವ ಗೆಳೆಯರ ಹೆಸರು, ಮಗಳು ರಾತ್ರಿ ಬರುವ ಹೊತ್ತು ಎಲ್ಲಕ್ಕೂ ಲೆಕ್ಕ ಕೇಳುತ್ತಾರೆ.

ಒಂಟಿ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಬಲ್ಲರು. 'ನೀನು ನನ್ನ ಮಗಳಿದ್ದ ಹಾಗೆ' ಎಂಬ ಮಾತು ಮೊದಲ ಭೇಟಿಯಲ್ಲೇ ಬಂದರೆ ಎಷ್ಟೋ ಜನ ಹುಷಾರಾಗುತ್ತಾರೆ. ಆ ಸಲಿಗೆಯ ಹಿಂದೆ ಕೆಲವೊಮ್ಮೆ ಹತ್ತು ಗಂಟೆಗೆ ಗೇಟಿಗೆ ಬೀಗ, ಇನ್ನೊಂದು ಕೀ ಇಟ್ಟುಕೊಂಡು ನೀವಿಲ್ಲದಾಗ ಒಳಗೆ ಬರುವ ಅಭ್ಯಾಸ ಇರುತ್ತದೆ. ಬಾಗಿಲಿನ ಎರಡನೇ ಕೀ ಯಾರ ಹತ್ತಿರ ಇರುತ್ತದೆ ಎಂದು ನೇರವಾಗಿ ಕೇಳಿ. ಒಳಗಿನ ಬೀಗ ಬದಲಿಸಿಕೊಳ್ಳುತ್ತೇನೆ ಎಂದಾಗ ಮಾಲೀಕರ ಮುಖ ಹೇಗಾಗುತ್ತದೆ ಎಂದು ನೋಡಿ. ಬಾಡಿಗೆದಾರರು ಮನೆಯನ್ನು ಅಡಚಣೆಯಿಲ್ಲದೆ ಅನುಭವಿಸಬೇಕು ಎಂಬ ಭರವಸೆ ಅದೇ ಹಳೆಯ ಕಾಯ್ದೆಯಲ್ಲಿದೆ. ಅದನ್ನು ಮಾಲೀಕರ ಉಪಕಾರವೆಂದು ತಿಳಿಯಬೇಕಿಲ್ಲ.

ಇನ್ನು ಕರಾರು. ಎರಡೋ ಮೂರೋ ಪುಟದ ಈ ಕಾಗದವನ್ನು ಓದದೆ ಸಹಿ ಹಾಕುವವರೇ ಹೆಚ್ಚು, ಯಾಕೆಂದರೆ ಅದು ಬರುವುದು ಅಡ್ವಾನ್ಸ್ ಕೊಟ್ಟು ಹಾಲುಕ್ಕಿಸುವ ದಿನ ಗೊತ್ತಾದ ಮೇಲೆ. ಕರಡನ್ನು ಮೊದಲೇ ವಾಟ್ಸ್ಆ್ಯಪಿನಲ್ಲಿ ಕಳಿಸಲು ಹೇಳಿ. ಕಳಿಸದವರ ಬಗ್ಗೆ ಸಂಶಯಪಡಿ. ಅದರಲ್ಲಿ ಬಾಡಿಗೆದಾರರು ಮಾಡಬಾರದ್ದು ಹನ್ನೆರಡು ಸಾಲು ಇದ್ದು, ಅಡ್ವಾನ್ಸ್ ವಾಪಸಿಗೆ ಒಂದೇ ಸಾಲು ಇರುತ್ತದೆ: 'ಮನೆ ಖಾಲಿ ಮಾಡಿದ ನಂತರ ಬಾಕಿ ಮತ್ತು ಹಾನಿಯ ಮೊತ್ತವನ್ನು ಕಳೆದು ಹಿಂದಿರುಗಿಸತಕ್ಕದ್ದು.' ಎಷ್ಟು ದಿನದಲ್ಲಿ ಎಂದಿಲ್ಲ. ಹಾನಿಯನ್ನು ತೀರ್ಮಾನಿಸುವವರು ಯಾರು ಎಂದಿಲ್ಲ. 'ಕೀ ಕೊಟ್ಟ ದಿನ' ಅಥವಾ 'ಏಳು ದಿನದೊಳಗೆ' ಎಂದು ಸೇರಿಸಲು ಕೇಳಿ, ಬಳಕೆಯಿಂದ ಸಹಜವಾಗಿ ಆಗುವ ಸವಕಳಿ ಹಾನಿಯಲ್ಲ ಎಂದು ಬರೆಸಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿಯುವುದು ಕಾನೂನೇನಲ್ಲ, ಕರಾರಿನಲ್ಲಿ ನೀವು ಒಪ್ಪಿದರೆ ಮಾತ್ರ ಅದು ಕಟ್ಟುಪಾಡು. ಒಂದೇ ವರ್ಷದಲ್ಲಿ ಬಿಟ್ಟರೂ ಐದು ವರ್ಷದ ಮೇಲೆ ಬಿಟ್ಟರೂ ಅಷ್ಟೇ ಎಂದಿದ್ದರೆ ಚೌಕಾಸಿ ಮಾಡಿ. ಮಾಲೀಕರ ಕಡೆಯಿಂದಲೂ ನಿಮ್ಮ ಕಡೆಯಿಂದಲೂ ನೋಟಿಸ್ ಅವಧಿ ಒಂದೇ ಇರಬೇಕು. ನೀವು ಮೂರು ತಿಂಗಳು ಮೊದಲೇ ಹೇಳಬೇಕು, ಅವರು ಒಂದು ತಿಂಗಳಲ್ಲಿ ಬಿಡಿಸಬಹುದು ಎಂದರೆ ಅದನ್ನು ತಿದ್ದಿಸದೆ ಸಹಿ ಬೇಡ.

ಅಡ್ವಾನ್ಸ್ ವಾಪಸಿಗೆ ದಿನ ನಿಗದಿ ಮಾಡಿ ಎಂಬ ಈ ಒಂದು ಕೋರಿಕೆಗೆ ಮಾಲೀಕರು ಕೊಡುವ ಉತ್ತರದಲ್ಲಿ ನೀವು ತಿಳಿಯಬೇಕಾದ್ದು ಬಹುಮಟ್ಟಿಗೆ ಇರುತ್ತದೆ. 'ನಮ್ಮ ಮೇಲೆ ನಂಬಿಕೆ ಇಲ್ವಾ?' ಎಂದು ನೊಂದುಕೊಂಡರೆ ಯೋಚಿಸಿ. 'ಬರೀರಿ, ಅದಕ್ಕೇನಂತೆ' ಎಂದರೆ ಮನೆಯ ಬಣ್ಣ ಮಾಸಿದ್ದರೂ ಪರವಾಗಿಲ್ಲ.

ಅಂಥ ಮಾಲೀಕರು ಬೇಕಾದಷ್ಟು ಜನ ಇದ್ದಾರೆ ಎಂಬುದನ್ನೂ ಹೇಳಲೇಬೇಕು. ಓನರ್ ಎಂದರೆ ಸಿಡುಕ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತಿದೆ. 1990ರ 'ಗಣೇಶನ ಮದುವೆ' ಸಿನಿಮಾದ ವಠಾರವನ್ನು ನೋಡಿ ನಕ್ಕ ತಲೆಮಾರು ನಮ್ಮದು. ನಿಜದಲ್ಲಿ ಎಷ್ಟೋ ಮನೆಗಳಲ್ಲಿ ಕೆಳಗಿನ ಮನೆಯ ಅಜ್ಜಿಗೆ ಮೇಲಿನ ಮನೆಯ ಬಾಡಿಗೆಯೇ ಪಿಂಚಣಿ. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ಬಾಡಿಗೆದಾರರನ್ನು ಕಂಡು ಹೆದರಿದವರು ಅವರು. ಅವರು ನಿಮ್ಮ ಹಿಂದಿನ ಮಾಲೀಕರ ನಂಬರ್ ಕೇಳಿದರೆ ಬೇಸರಪಡಬೇಡಿ, ಸಂತೋಷದಿಂದ ಕೊಡಿ. ನೀವೂ ಅವರ ಹಿಂದಿನ ಬಾಡಿಗೆದಾರರ ನಂಬರ್ ಕೇಳಿ. ಎರಡೂ ಕಡೆ ಮುಚ್ಚುಮರೆ ಇಲ್ಲದಾಗ ಹತ್ತು ವರ್ಷ ಒಂದೇ ಮನೆಯಲ್ಲಿದ್ದು, ಬಿಡುವ ದಿನ ಮಾಲೀಕರ ಮನೆಯಲ್ಲೇ ಊಟ ಮಾಡಿ ಹೊರಟವರೂ ಇದ್ದಾರೆ.

ಇಷ್ಟೆಲ್ಲ ನೋಡಿ ಕೇಳಿ ಬೇಡವೆನ್ನುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ. ಪೀಣ್ಯದ ಸುತ್ತ, ಬೊಮ್ಮನಹಳ್ಳಿಯ ಹಿಂದೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸಾಲು ಮನೆಗಳಲ್ಲಿ ಒಂದೊಂದು ಕೋಣೆ ಹಿಡಿದಿರುತ್ತಾರೆ. ಕರಾರೆಂಬುದೇ ಇಲ್ಲ, ಅಡ್ವಾನ್ಸ್‌ಗೆ ರಸೀದಿಯಿಲ್ಲ, ತಿಂಗಳ ಐದನೇ ತಾರೀಖು ದಾಟಿದರೆ ಕರೆಂಟ್ ಫ್ಯೂಸ್ ತೆಗೆಯುವವರೂ ಉಂಟು. ಅವರಿಗೆ ಇ.ಸಿ., ಮೂಲ ಕ್ರಯಪತ್ರದ ಮಾತು ಹೇಳಿ ಪ್ರಯೋಜನವಿಲ್ಲ. ಅಡ್ವಾನ್ಸನ್ನೂ ಪ್ರತಿ ತಿಂಗಳ ಬಾಡಿಗೆಯನ್ನೂ ಯುಪಿಐ ಮೂಲಕವೇ ಕೊಟ್ಟು, ಟಿಪ್ಪಣಿಯ ಜಾಗದಲ್ಲಿ 'ಮನೆ ಅಡ್ವಾನ್ಸ್', 'ಜೂನ್ ಬಾಡಿಗೆ' ಎಂದು ಬರೆದರೆ ಅದೇ ಒಂದು ದಾಖಲೆ. ಕೈಗೇ ಕೊಡಬೇಕಾದರೆ ನೋಟ್‌ಬುಕ್ಕಿನ ಹಾಳೆಯಲ್ಲಾದರೂ ಮೊತ್ತ, ತಾರೀಖು ಬರೆದು ಸಹಿ ಹಾಕಿಸಿಕೊಳ್ಳಿ. ಒಳಗೆ ಹೋಗುವ ದಿನ ಗೋಡೆ, ನಲ್ಲಿ, ಮೀಟರಿನ ಅಂಕಿಯ ಫೋಟೊ ತೆಗೆದು ಮಾಲೀಕರ ನಂಬರಿಗೇ ಕಳಿಸಿಡಿ.

ಮಾಲೀಕರು ಬಲವಂತವಾಗಿ ಸಾಮಾನು ಹೊರಗೆ ಹಾಕಿ ಬೀಗ ಜಡಿದರೆ, ನೀವು ಬಾಡಿಗೆ ಬಾಕಿ ಇಟ್ಟಿದ್ದರೂ ಅದು ಕಾನೂನಿಗೆ ವಿರುದ್ಧ. ಕೋರ್ಟಿನ ಆದೇಶವಿಲ್ಲದೆ ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಪ್ರತಿ ಜಿಲ್ಲೆಯ ನ್ಯಾಯಾಲಯದಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗುತ್ತಾರೆ, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. ಅವರ ಸಹಾಯವಾಣಿ 15100.